ಅಡುಗೆಮನೆಯಿಂದ ಬಾರಿಸುವ ಗಂಟೆ

ಲಿಯಾಂಡರ್ ಬೀಲ್‌ಗೆ ಬೇಕಾಗಿದ್ದದ್ದು ಒಂದೇ ಒಂದು ಗಂಟೆ. ಇಗರ್ಜಿಯ ಗಂಟೆಯೇನಲ್ಲ, ಮುಷ್ಟಿಯಲ್ಲಿ ಹಿಡಿಸುವ ಹಿತ್ತಾಳೆಯದು, ಅದಕ್ಕೊಂದು ತಂತಿ, ಎಳೆಯುವುದಕ್ಕೊಂದು ಹಿಡಿ. ಬೇಸಿಗೆಗೆ ಬರುವ ಸಾಹುಕಾರರಾದ ವಿಟ್‌ಲಾಕ್‌ರ ಅಡುಗೆಮನೆಯಲ್ಲಿ ಎಳೆದರೆ ಮುಂದಿನ ಹಜಾರದಲ್ಲಿ ಬಾರಿಸಬೇಕು, ಅಷ್ಟೇ. ಜೂನ್ ಹದಿನೈದಕ್ಕೆ ಅವನ ಮಗಳು ಆರ್ಡೆಲ್ ಆ ಅಡುಗೆಮನೆಗೆ ಕೆಲಸಕ್ಕೆ ಸೇರುವವಳಿದ್ದಳು. ಅಷ್ಟರೊಳಗೆ ಗಂಟೆ ಆಗಲೇಬೇಕು ಅಂತ ಮನುಷ್ಯ ಹಟ ಹಿಡಿದು ಕೂತಿದ್ದ. ಹಿಂದಿನ ಬೇಸಿಗೆಯಲ್ಲಿ ಅವನ ಹೆಂಡತಿ ತಿರ್ಜಾ ಅದೇ ಅಡುಗೆಮನೆಯಲ್ಲಿ ಬಿದ್ದು, ವಾರದೊಳಗೆ ಸತ್ತಿದ್ದಳು.

"ಹೋಗಬೇಡ ಕಣೇ" ಅಂತ ಅವನು ಮಗಳಿಗೆ ಹೇಳದೆ ಇರಲಿಲ್ಲ. "ಮತ್ತೇನು ಮಾಡ್ಲಿ ಹೇಳಪ್ಪಾ? ಮೀನಿನ ಡಬ್ಬಿ ಕಾರ್ಖಾನೆ ಬಾಗಿಲು ಹಾಕಿ ಎರಡು ವರ್ಷ ಆಯ್ತು. ಮನೇಲಿ ಕೂತು ಸಮುದ್ರ ನೋಡ್ಲಾ?" ಅಂದಳು ಹುಡುಗಿ. ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಆ ವರ್ಷಗಳಲ್ಲಿ ನಮ್ಮ ಕಡಲತಡಿಯ ಊರು ಟಾಲ್ಬಟ್ ಕೋವಿನಲ್ಲಿ ಹೊಟ್ಟೆಪಾಡು ಅಂತಿದ್ದರೆ ಅದು ಬೇಸಿಗೆ ಕಳೆಯಲು ಬರುವ ಸಿರಿವಂತರ ಮನೆಗಳಲ್ಲಿ ಮಾತ್ರ.

ತಮ್ಮ ಮನೆಯನ್ನು ಮಿಸೆಸ್ ವಿಟ್‌ಲಾಕ್ "ನಮ್ಮ ಪುಟ್ಟ ಕಾಟೇಜು" ಅನ್ನುತ್ತಿದ್ದಳು. ಪುಟ್ಟದಂತೆ! ಮೂವತ್ತೆರಡು ಕೋಣೆ, ಎರಡು ದುಂಡು ಗೋಪುರ, ಮೂರು ಕಡೆ ಸುತ್ತಿ ಬರುವ ಜಗಲಿ, ಒಂಬತ್ತು ಬೆಂಕಿಗೂಡು, ನೆತ್ತಿಯಿಂದ ಬುಡದವರೆಗೆ ಹೆಂಚಿನ ಹಾಗೆ ಜೋಡಿಸಿದ ದೇವದಾರು ಮರದ ಬಿಲ್ಲೆ ಹೊದ್ದ ಗೋಡೆ. ಫಿಲಡೆಲ್ಫಿಯಾದಿಂದ ಬಂದು ವರ್ಷಕ್ಕೆ ಹತ್ತು ವಾರ ಇದ್ದು ಹೋಗುವುದಕ್ಕೆ ಇಷ್ಟು. ಮಿಕ್ಕ ತಿಂಗಳು ಅದು ಇಲಿಗಳ ಪಾಲು. "ಅದು ಕಾಟೇಜಾದ್ರೆ ನಮ್ಮದೇನು, ಕೋಳಿಗೂಡಾ?" ಅಂತ ದೋಣಿಕಟ್ಟೆಯ ಹೈರಮ್ ಮಾವ ಕೇಳುತ್ತಿದ್ದ, ಊರೆಲ್ಲ ನಗುತ್ತಿತ್ತು.

ನಕ್ಷೆ ಬರೆದವನು ಬಾಸ್ಟನ್ನಿನ ಎಂಜಿನಿಯರು. ಮರ ಕೊಯ್ದು, ತೊಲೆ ಏರಿಸಿ, ಕಟ್ಟಿದವನು ಲಿಯಾಂಡರ್. ಕೆಲಸ ಅಂದರೆ ಅವನಿಗೆ ಜೀವ. ಕಟ್ಟುತ್ತಾ ಕಟ್ಟುತ್ತಾ ಅವನಿಗೆ ಒಂದು ಗೊತ್ತಾಯಿತು: ಇದು ಒಂದು ಮನೆಯಲ್ಲ, ಒಂದರ ಬೆನ್ನಿಗೆ ಇನ್ನೊಂದು ಅಂಟಿಸಿದ ಎರಡು ಮನೆ. ಮುಂದಿನ ಮನೆಗೆ ನಾಲ್ಕು ಜನ ಸಾಲಾಗಿ ಇಳಿಯುವಷ್ಟು ಅಗಲದ ಓಕ್ ಮೆಟ್ಟಿಲು. ಹಿಂದಿನ ಮನೆಗೆ ಮಂಡಿ ಗಲ್ಲಕ್ಕೆ ತಾಗುವಂಥ ಕಡಿದಾದ ಮೆಟ್ಟಿಲು. ಕೆಲಸದ ಹೆಂಗಸರು ಯಾರ ಕಣ್ಣಿಗೂ ಬೀಳದೆ ಹಾಸಿಗೆ ಸರಿಮಾಡಿ, ಬೂದಿ ತೆಗೆದು, ಮಾಯವಾಗಿ ಬಿಡಬೇಕು. ಅದಕ್ಕೇ ಗೋಡೆಗಳ ನಡುವೆ ಕತ್ತಲೆ ಓಣಿಗಳು. ಹದಿನಾಲ್ಕು ಕೋಣೆಗಳಿಂದ ಅಡುಗೆಮನೆಗೆ ಹದಿನಾಲ್ಕು ಗಂಟೆಯ ತಂತಿ. ಅಲ್ಲಿಂದ ಈಚೆಗೆ ಒಂದೂ ಇಲ್ಲ. ಯಾಕಿಲ್ಲ ಅಂತ ಆಗ ಕೇಳುವುದಕ್ಕೆ ಲಿಯಾಂಡರನಿಗೂ ತೋಚಲಿಲ್ಲ.

ಕಣ್ಣಿಗೆ ಬೀಳದ ಹಾಗೆ ನೋಡಿಕೊಂಡದ್ದು ಎಂಜಿನಿಯರು. ಕಿವಿಗೆ ಬೀಳದ ಹಾಗೆ ಮಾಡಿದ್ದು ಮಾತ್ರ, ಅಯ್ಯೋ, ನಮ್ಮ ಲಿಯಾಂಡರನೇ. ಮಿಸೆಸ್ ವಿಟ್‌ಲಾಕ್‌ಗೆ ತಲೆನೋವಿನ ಕಾಟ. "ಪಾತ್ರೆ ಸದ್ದು ನನ್ನ ಹಣೆಯೊಳಗೇ ಆಗುತ್ತೆ ಲಿಯಾಂಡರ್, ಏನಾದರೂ ಮಾಡೋಕಾಗುತ್ತಾ?" ಅಂತ ಕೇಳಿದಳು. ಕೇಳಿದ್ದೇ ತಡ, ಇವನ ಕೈ ಕಡಿಯತೊಡಗಿತು. ನಮ್ಮ ಕಡೆ ಚಳಿಗಾಲಕ್ಕೆ ಮುಂಚೆ ಕಡಲಹುಲ್ಲು ಬಾಚಿ, ಒಣಗಿಸಿ, ಮನೆ ಬುಡಕ್ಕೆಲ್ಲ ಒತ್ತುವ ರೂಢಿ, ಗಾಳಿ ನುಗ್ಗುವುದಿಲ್ಲ. ಗಾಳಿಯನ್ನೇ ತಡೆಯುವುದು ಸದ್ದನ್ನು ತಡೆಯದೇ? ಸಂಗೀತದ ಕೋಣೆಗೂ ಅಡುಗೆಮನೆಗೂ ನಡುವೆ ಜೋಡಿ ಗೋಡೆ ಎಬ್ಬಿಸಿ, ಮಧ್ಯೆ ಎಂಟು ಗಾಡಿ ಹುಲ್ಲು ತುರುಕಿದ. ಓಡಾಟದ ಓಣಿಗೆ ಎರಡೆರಡು ಬಾಗಿಲು ಇಟ್ಟು, ಅವಕ್ಕೆ ದಪ್ಪ ಕಂಬಳಿ ಹೊಡೆದ.

ಪರೀಕ್ಷೆಗೆ ಆ ಮನೆಯ ಅಡುಗೆಯವಳಾಗಿದ್ದ ತಿರ್ಜಾಳನ್ನೇ ಆಚೆ ನಿಲ್ಲಿಸಿದರು. ಅವಳು ಬಾಣಲೆ ಬಡಿದು ಗಂಟಲು ಹರಿಯುವ ಹಾಗೆ ಕೂಗಿದಳು. ಈಚೆ ಮಿಸೆಸ್ ವಿಟ್‌ಲಾಕ್ ಗೋಡೆಗೆ ಕಿವಿಯಿಟ್ಟು, ಏನೂ ಕೇಳಿಸದೆ, ಮಗುವಿನ ಹಾಗೆ ಚಪ್ಪಾಳೆ ತಟ್ಟಿದಳು.

"ಏನಪ್ಪಾ ಮೇಸ್ತ್ರಿ, ಕೇಳಿಸ್ತಾ?" ಅಂದಳು ತಿರ್ಜಾ, ಆಮೇಲೆ.

"ಒಂದಕ್ಷರ ಇಲ್ಲ. ಏನು ಕೂಗಿದ್ಯೇ?"

"ಅವಳ ಮೂಗಿನ ಬಗ್ಗೆ ನಾಲ್ಕು ಮಾತು, ನಿನ್ನ ಬಗ್ಗೆ ಎರಡು. ಆ ಎರಡನ್ನ ಇಪ್ಪತ್ತು ವರ್ಷದಿಂದ ಹೊಟ್ಟೇಲಿ ಇಟ್ಕೊಂಡಿದ್ದೆ."

ಗಂಡ ಹೆಂಡತಿ ಇಬ್ಬರೂ ನಕ್ಕೂ ನಕ್ಕೂ ಸುಸ್ತಾದರು.

ಹಿಂದಿನ ಬೇಸಿಗೆ, ಆಗಸ್ಟಿನ ಒಂದು ಮಧ್ಯಾಹ್ನ. ಅತಿಥಿಗಳೆಲ್ಲ ಹುಲ್ಲುಹಾಸಿನ ಮೇಲೆ, ಬಡಿಸುವವರೂ ಅಲ್ಲೇ. ಪಾತ್ರೆ ತೊಳೆಯುವವಳು ಐಸ್ ತರುವುದಕ್ಕೆ ಹೋಗಿದ್ದಳು. ತಿರ್ಜಾ ಒಬ್ಬಳೇ ಮೂವತ್ತು ಜನಕ್ಕೆ ಲಾಬ್‌ಸ್ಟರ್ ಬೇಯಿಸುವ ಹಂಡೆ ಇಳಿಸಲು ಹೋಗಿ ಕಾಲು ಜಾರಿದಳು. ಕೊತಕೊತ ಕುದಿಯುವ ನೀರು ಸೊಂಟದಿಂದ ಕೆಳಕ್ಕೆ ಪೂರ್ತಿ ಸುರಿಯಿತು. ಸೊಂಟವೂ ಮುರಿದಿತ್ತು, ಏಳಲಾಗಲಿಲ್ಲ.

ಆ ಹೊತ್ತಿಗೆ ಲಿಯಾಂಡರ್ ಎಲ್ಲಿದ್ದ ಗೊತ್ತೇ? ಸಂಗೀತದ ಕೋಣೆಯಲ್ಲಿ. ಕಡಲ ಗಾಳಿಗೆ ಉಬ್ಬಿದ ಕಿಟಕಿಯೊಂದು ಸಿಕ್ಕಿಕೊಂಡಿತ್ತು, ಸರಿಮಾಡಲು ಕರೆಸಿದ್ದರು. ಉಜ್ಜುಗೊರಡು ಕೈಯಲ್ಲಿ ಹಿಡಿದು, ಬೆವರು ಆರಲಿ ಅಂತ ಅದೇ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಎಂಥ ತಣ್ಣನೆಯ ಮೌನ, ಎಂಥ ಕೆಲಸ ಮಾಡಿದೆನಪ್ಪಾ ನಾನು ಅಂದುಕೊಂಡಿದ್ದ. ಹೆಂಡತಿ ಇದ್ದದ್ದು ಆರಡಿ ಆಚೆ. ಐಸ್ ತಂದವಳು ನೋಡಿ ಹೊರಗೆ ಓಡಿಬರುವ ಹೊತ್ತಿಗೆ ಅರ್ಧ ಗಂಟೆ ಕಳೆದಿತ್ತು.

ತಿರ್ಜಾ ಆರು ದಿನ ಬದುಕಿದ್ದಳು. ಎಚ್ಚರ ಇತ್ತು, ಅದೇ ಪಾಪ. ಮೂರನೇ ದಿನ ಹೇಳಿದಳು: "ನಿನ್ನ ಹೆಸರು ಹಿಡಿದೇ ಕೂಗಿದೆ. ನೀನು ಅಲ್ಲೇ ಇದ್ದೀಯ ಅಂತ ಗೊತ್ತಿತ್ತು." ಬೈಯಲಿಲ್ಲ. ಬೈದಿದ್ದರೆ ಅವನಿಗೆ ಒಂದಿಷ್ಟು ಹಗುರಾಗುತ್ತಿತ್ತೇನೋ.

ಚಳಿಗಾಲವೆಲ್ಲ ಅವನು ಗಂಟೆಯ ಲೆಕ್ಕಾಚಾರದಲ್ಲೇ ಕಳೆದ. ತಂತಿ ಎಲ್ಲಿ ತಿರುಗಬೇಕು, ಯಾವ ತೊಲೆಯಲ್ಲಿ ತೂತು, ಎಲ್ಲ ಹಲಗೆಯ ಮೇಲೆ ಗೀಚಿಟ್ಟ. ಗೋಡೆಯನ್ನೇ ಕಿತ್ತುಹಾಕಲು ಅನುಮತಿ ಕೇಳೋಣ ಅನ್ನಿಸಿತ್ತು. ಕೇಳುವ ಧೈರ್ಯ ಬರಲಿಲ್ಲ. ಆ ಗೋಡೆಯಿಂದಲೇ ಅವನಿಗೆ ಹೆಸರು ಬಂದಿತ್ತು, ಕರಾವಳಿಯುದ್ದಕ್ಕೂ ಆರು ಮನೆಯವರು ಅಂಥದ್ದೇ ಬೇಕು ಅಂತ ಹೇಳಿಕಳಿಸಿದ್ದರು. ಕೂಲಿ ಬೇಡ, ಗಂಟೆ ನಾನೇ ತರುತ್ತೇನೆ, ಒಂದು ಹೂಂ ಅಂದರೆ ಸಾಕು ಅಂತ ಹೇಳುವುದೆಂದು ತೀರ್ಮಾನಿಸಿದ.

ಮನೆಯವರು ಫಿಲಡೆಲ್ಫಿಯಾದಿಂದ ಬಂದಿಳಿದದ್ದೇ ಜೂನ್ ಹದಿನಾಲ್ಕರ ರಾತ್ರಿ, ಅದಕ್ಕೆ ಮುಂಚೆ ಕೇಳುವುದಾದರೂ ಯಾರನ್ನು? ಹದಿನೈದರ ಬೆಳಿಗ್ಗೆ ಆರ್ಡೆಲ್ ಹಿಂಬಾಗಿಲಿಂದ ಒಳಗೆ ಹೋದಳು. ಅವನು ಹ್ಯಾಟು ಕೈಯಲ್ಲಿ ಹಿಡಿದು ಹಜಾರದಲ್ಲಿ ನಿಂತ. ಮಿಸೆಸ್ ವಿಟ್‌ಲಾಕ್ ಕೆಟ್ಟವಳಲ್ಲ, ಸುಳ್ಳು ಯಾಕೆ ಹೇಳಬೇಕು. ಹೂಗಳನ್ನು ಕಳಿಸಿದ್ದಳು, ಮಣ್ಣಿಗೂ ಬಂದಿದ್ದಳು. ಅವನು ಹೇಳಿದ್ದನ್ನೆಲ್ಲ ತಲೆಯಾಡಿಸುತ್ತಾ ಕೇಳಿದಳು, ಕಣ್ಣೊರೆಸಿಕೊಂಡಳು. ಆಮೇಲೆ ನಿಜವಾಗಿಯೂ ಯೋಚನೆಗೆ ಬಿದ್ದಳು.

"ಗಂಟೆ ಕಟ್ಟೋಣ ಅಂದ್ಕೋ" ಅಂದಳು. "ಅಡುಗೆಮನೆಯಿಂದ ಬಾರಿಸಿದ್ರೆ, ಇಲ್ಲಿಂದ ಎದ್ದು ಹೋಗೋರು ಯಾರು ಲಿಯಾಂಡರ್?"

ವ್ಯಂಗ್ಯವಲ್ಲ, ಅವಳಿಗೆ ನಿಜಕ್ಕೂ ಹೊಳೆದಿರಲಿಲ್ಲ. ಲಿಯಾಂಡರ್ ಹಜಾರದ ಸುತ್ತ ಕಣ್ಣಾಡಿಸಿದ. ಕುರ್ಚಿಗಳಲ್ಲಿ ಕೂತು ಪತ್ರ ಓದುತ್ತಿದ್ದ ಗಂಡಸರು, ಕಸೂತಿ ಹಿಡಿದ ಹೆಣ್ಣುಮಕ್ಕಳು, ಒಬ್ಬೊಬ್ಬರನ್ನೇ ನೋಡಿದ. ಇವರೋ? ಅವರೋ? ಬಾಯಿಗೆ ಒಂದು ಹೆಸರೂ ಬರಲಿಲ್ಲ. "ಹೌದು ಅಮ್ಮಾವ್ರೇ" ಅಂದುಬಿಟ್ಟ. ಯಾವುದಕ್ಕೆ ಹೌದು ಅಂದನೋ ಅವನಿಗೇ ತಿಳಿಯದು.

ಮನೆ ಸುತ್ತಿಕೊಂಡು ಹಿಂದಕ್ಕೆ ಬಂದ. ಆರ್ಡೆಲ್ ಆಗಲೇ ಏಪ್ರನ್ ಕಟ್ಟಿಕೊಂಡು ಒಲೆಗೆ ಇದ್ದಿಲು ಹಾಕುತ್ತಿದ್ದಳು.

"ಏನಂದ್ರಪ್ಪಾ?"

"ಕೂಗಿದ್ರೆ ಕೇಳಿಸ್ಲಿ, ಕಿಟಕಿ ತೆಗೆದಿಟ್ಕೊಂಡು ಕೆಲಸ ಮಾಡೇ ಮಗಾ" ಅಂದ.

ಅವಳು ಹೋಗಿ ಕಿಟಕಿ ತೆಗೆದಳು. ಅಡುಗೆ ವಾಸನೆ ಮುಂದಿನ ಮನೆಗೆ ಬರಬಾರದು ಅಂತ ಆ ಕಿಟಕಿಯನ್ನು ಕಾಡಿನ ಕಡೆಗೆ ಇಟ್ಟಿದ್ದರು.