ಮೂರನೇ ಸಾಲಿನ ಎಲೆ

ಮಳವಳ್ಳಿಯ ಕಾಲೇಜೊಂದರ ಸಸ್ಯಶಾಸ್ತ್ರದ ಲ್ಯಾಬಿನಲ್ಲಿ ಸಿದ್ದರಾಜು ಅಟೆಂಡರ್ ಆಗಿ ಇಪ್ಪತ್ತಾರು ವರ್ಷವಾಯಿತು. ಓದಿದ್ದು ಪಿಯುಸಿ, ಅದೂ ಫೇಲು. ಆದರೂ ಹೊಸದಾಗಿ ಬಂದ ಮೇಷ್ಟ್ರುಗಳು ಯಾರೂ ಇಲ್ಲದ ಹೊತ್ತು ನೋಡಿ ‘ಇದ್ಯಾವ ಗಿಡ ಸಿದ್ದರಾಜು?’ ಎಂದು ಅವನನ್ನೇ ಕೇಳುತ್ತಾರೆ. ಕೇಳಿ ತಿಳಿದದ್ದನ್ನು ತಮ್ಮದೇ ಎಂಬಂತೆ ಕ್ಲಾಸಿನಲ್ಲಿ ಹೇಳುತ್ತಾರೆ. ಅವನು ಹೊರಗೆ ಗಾಜಿನ ಬಾಟಲಿ ತೊಳೆಯುತ್ತಾ ಒಳಗೊಳಗೇ ನಗುತ್ತಾನೆ.

ಈ ವಿದ್ಯೆ ಕಲಿಸಿದವರು ಅಲ್ಲೇ ಪಾಠ ಮಾಡುತ್ತಿದ್ದ ಮೋಹಿನಿ ಮೇಡಂ. ನಿವೃತ್ತರಾಗಿ ಮೈಸೂರು ಸೇರುವ ದಿನ ತಮ್ಮ ಪುಟ್ಟ ಭೂತಗನ್ನಡಿಯನ್ನು ಅವನ ಕೈಗಿಟ್ಟು, “ಮೇಲಿಂದ ನೋಡಿ ಹೆಸರು ಹೇಳ್ಬೇಡ, ತಿರುಗಿಸಿ ಹೊಟ್ಟೆ ನೋಡು” ಎಂದಿದ್ದರು.

ಶಿವನಸಮುದ್ರದ ಕಡೆ ಅವನ ಊರು. ಹೋದ ಮಳೆಗಾಲದಲ್ಲಿ ಒಂದು ಗುರುವಾರ ರಜೆ ಸಿಕ್ಕಿತೆಂದು ಊರ ಹಿಂದಿನ ಬೆಟ್ಟ ಹತ್ತಿದ. ನೀರು ಜಿನುಗುವ ಬಂಡೆಯ ಸಂದಿಯಲ್ಲಿ ಅಂಗೈ ಅಗಲ ಏನೋ ಹಬ್ಬಿತ್ತು. ನೋಡಿದವರು ಪಾಚಿ ಅನ್ನುತ್ತಾರೆ. ಇವನು ಹೊಟ್ಟೆ ಮೇಲೆ ಮಲಗಿ ಮೇಡಂ ಕೊಟ್ಟ ಗಾಜು ಹಿಡಿದ. ಪಾಚಿಯ ದಾಯಾದಿಯಾದ ಲಿವರ್‌ವರ್ಟ್ ಅದು. ಹೆಂಚು ಹೊದಿಸಿದ ಹಾಗೆ ಎರಡು ಸಾಲು ಎಲೆ. ಇಂಥದ್ದನ್ನು ಈ ಕಡೆ ಅವನು ಕಂಡಿರಲಿಲ್ಲ. ಫೋಟೋ ತೆಗೆದು ಮೇಡಂಗೆ ಕಳಿಸಿದ. ಐದು ನಿಮಿಷಕ್ಕೆ ಅವರದೇ ಫೋನು.

“ಇದು ಎತ್ತರದ ಬೆಟ್ಟದ್ದು ಕಣಯ್ಯ, ಮಂಜು ಕವಿಯೋ ಕಡೇದು. ನಿಮ್ಮೂರಿಗೆ ಹೇಗೆ ಬಂತು? ಕೆಳಗಡೆ ಮೂರನೇ ಸಾಲು ಇರಬೇಕು, ಚಿಕ್ಕ ಎಲೆ, ತುದಿ ಸೀಳಿದ್ದು. ಅದು ಕಾಣದೆ ನಾನು ಹೇಳಲ್ಲ.”

“ಒಂದೆಳೆ ಕಿತ್ತು ನೋಡ್ಲಾ ಮೇಡಂ?”

“ಬೇಡ, ಇರೋದೇ ಅಷ್ಟು. ಭಾನುವಾರ ನಾನೇ ಬರ್ತೀನಿ. ಅದೇ ಆಗಿದ್ರೆ ಇಲ್ಲಿ ಮೊದಲು ಕಂಡವನು ಸಿದ್ದರಾಜು ಅಂತ ಸಸ್ಯಶಾಸ್ತ್ರದ ಪತ್ರಿಕೇಲಿ ಬರೀತೀನಿ. ಅಲ್ಲೀವರೆಗೂ ಯಾರೂ ಮುಟ್ಟದ ಹಾಗೆ ನೋಡ್ಕೋ.”

ತನ್ನ ಹೆಸರನ್ನು ಸಂಬಳದ ಪಟ್ಟಿ ಬಿಟ್ಟು ಬೇರೆಲ್ಲೂ ಅಚ್ಚಿನಲ್ಲಿ ಕಾಣದ ಮನುಷ್ಯ. ಆಸೆಯಾಯಿತು, ಅದರ ಹಿಂದೆಯೇ ಭಯವೂ ಆಯಿತು. ಕುರಿಗೆ ಹುಲ್ಲು ಕೊಯ್ಯಲು ಬರುವ ಹೆಂಗಸರು ಕುಡುಗೋಲು ಮಸೆಯುವುದು ಆ ಒದ್ದೆ ಬಂಡೆಯ ಮೇಲೇ. ಶುಕ್ರವಾರ, ಶನಿವಾರ ಕಾಲೇಜಿನಲ್ಲಿ ಪರೀಕ್ಷೆ, ಕಾವಲು ಕೂರುವಂತಿಲ್ಲ. ಪಾಚಿಯ ದಾಯಾದಿ ಎಂದರೆ ಊರು ನಗುತ್ತದೆ. ದೇವರು ದಿಂಡರು ಎಂದರೆ ಮೂಗು ಮುರಿಯುತ್ತಿದ್ದವನು ಅವತ್ತು ತಾಯಿ ಸಣ್ಣತಾಯಮ್ಮನ ಮುಂದೆ ಸುಳ್ಳು ಹೇಳಿದ.

“ಅವ್ವ, ಆ ಬಂಡೇಲಿ ತಾಯಿ ನೆಲೆ ನಿಂತವ್ಳೆ. ಕನಸಲ್ಲಿ ಬಂದಿದ್ಲು. ಯಾರೂ ಕುಡ್ಲು ಮಸೀಬ್ಯಾಡಿ ಅಂತ ಊರೋರ್ಗೆ ಏಳವ್ವ.”

ಸಣ್ಣತಾಯಮ್ಮ ಕೈ ಮುಗಿದಳು. “ಬುಡು, ಈಗ್ಲಾದ್ರೂ ನಿಂಗೆ ಬುದ್ಧಿ ಬಂತಲ್ಲ.”

ಭಾನುವಾರ ಬೆಳಿಗ್ಗೆ ಮಳವಳ್ಳಿಯಿಂದ ಮೊದಲ ಬಸ್ಸಿಗೇ ಊರಿಗೆ ಬಂದ. ಮೈಸೂರಿಂದ ಹೊರಟು ಕಿರುಗಾವಲು ದಾಟಿದೆ ಎಂದು ಮೇಡಂ ಫೋನು ಮಾಡಿದ್ದರು. ಬೆಟ್ಟ ಹತ್ತಿದರೆ ಬಂಡೆಯ ಮುಂದೆ ಅವ್ವ ಕೂತಿದ್ದಾಳೆ. ಬಂಡೆ ಫಳಫಳ ಹೊಳೆಯುತ್ತಿದೆ. ಸಂದಿಯೊಳಕ್ಕೂ ಅರಿಶಿನ, ಅದರ ಮೇಲೆ ಕುಂಕುಮ, ಒಂದು ಮೊಳ ಕನಕಾಂಬರ.

“ತಾಯಿ ಮೈಗೆಲ್ಲ ಗಬ್ಬು ಪಾಚಿ ಮೆತ್ಕಂಡಿತ್ತು ಕಣ್ಲಾ. ನಾನೂ ಪಕ್ಕದ್ಮನೆ ಚಲುವಮ್ಮನೂ ಸೀಗೆಪುಡಿ ಆಕಿ, ತೆಂಗಿನ ನಾರಲ್ಲಿ ಗಸಗಸ ಉಜ್ಜುದ್ವು. ಇನ್ಯಾರು ಇಲ್ಲಿ ಕುಡ್ಲು ಮಸೀತಾರೆ ನೋಡ್ತೀನಿ.”

ಬೈಯಲು ಯಾರಿದ್ದಾರೆ? ದೇವರನ್ನು ತಂದು ಕೂರಿಸಿದವನು ತಾನೇ. ಕೂರಿಸಿದ ದೇವರಿಗೆ ಮೈ ತೊಳೆಯದೆ ಬಿಡುತ್ತಾರೆಯೇ ಅವ್ವಂದಿರು? ಅಷ್ಟೂ ಹೊಳೆಯದ ತನ್ನ ಬುದ್ಧಿಗೆ ಬೆಂಕಿ ಬೀಳಲಿ ಎಂದುಕೊಂಡ.

ಪಕ್ಕದಲ್ಲಿ ಆ ನಾರು ಬಿದ್ದಿತ್ತು. ಕೆದಕಿದ. ಉದುರಿದ ಚೂರುಗಳ ನಡುವೆ ಒಂದೇ ಒಂದು ಎಳೆ ಪೂರ್ತಿಯಾಗಿ ಸಿಕ್ಕಿತು. ನೀರಲ್ಲಿ ಅದ್ದಿ, ಅಂಗೈ ಮೇಲೆ ಮಗುಚಿ, ಗಾಜು ಹಿಡಿದ. ಹೊಟ್ಟೆಯ ಉದ್ದಕ್ಕೂ ಮೂರನೇ ಸಾಲು, ಪುಟ್ಟ ಪುಟ್ಟ ಎಲೆ, ಎಲ್ಲದರ ತುದಿಯೂ ಸೀಳು. ಮೇಡಂ ಹೇಳಿದ್ದೇ ಅದು. ಗಾಜು ಮಂಜಾಯಿತು, ಅವನು ಅಳುತ್ತಿದ್ದ.

ಅವ್ವ ಬಗ್ಗಿ ನೋಡಿದಳು. “ಯಾಕ್ಲಾ ಮಗ? ಇನ್ನೂ ಎಲ್ಲಾರ ಉಳ್ಕಂಡದಾ? ತೋರ್ಸು, ಅದ್ನೂ ಉಜ್ಬುಡ್ತೀನಿ.”

“ಇಲ್ಲ ಕಣವ್ವ,” ಎಂದ ಸಿದ್ದರಾಜು, “ಏನೂ ಉಳ್ದಿಲ್ಲ.”