ಐರ್ಲೆಂಡಿಗೆ ಹೊರಟ ಲಿಂಗ

ರಾಗಿ ಕೇರುತ್ತಿದ್ದೆ. ಫೋನು ಬಡಿದುಕೊಂಡಿತು. ಐರ್ಲೆಂಡಿನಲ್ಲಿ ನರ್ಸಾಗಿರುವ ನಾದಿನಿಯದು. ಮಾರನೆಯ ದಿನ ಅವಳ ಕೂಸಿಗೆ ಲಿಂಗ ಕಟ್ಟಬೇಕು. ನಾನು ಕಳಿಸಿದ ಲಿಂಗ ಹಿಂದಿನ ದಿನದವರೆಗೂ ಅವಳನ್ನು ಮುಟ್ಟಿರಲಿಲ್ಲ. ಮೊರ ಇಟ್ಟೆ, ಆದರೆ ಫೋನಿಗೆ ಕೈ ಹೋಗಲಿಲ್ಲ. ಅಂಚೆಯಲ್ಲೇ ಹೋಗಲಿ ಎಂದು ಹಟ ಹಿಡಿದವಳು ನಾನೇ ತಾನೆ!

ಮೊದಲು ಹೋದದ್ದು ಚಾಮರಾಜನಗರದ ಒಂದು ಕೊರಿಯರ್ ಅಂಗಡಿಗೆ. ಗುರುಗಳು ಪೂಜಿಸಿ ಕೊಟ್ಟ ಲಿಂಗ. ನೆಲಕ್ಕಿಡುವ ಹಾಗಿಲ್ಲ, ಸೊಂಟದಿಂದ ಕೆಳಗೆ ಹಿಡಿಯುವ ಹಾಗಿಲ್ಲ. ಬಸ್ಸಿನಲ್ಲಿ ಅಷ್ಟು ದೂರವೂ ಎದೆಗೆ ಒತ್ತಿಕೊಂಡೇ ಹೋದೆ. ಅಂಗಡಿಯವನು ಐದೇ ದಿನಕ್ಕೆ ಮುಟ್ಟಿಸುತ್ತೇನೆಂದ. ಆದರೆ ಲಿಂಗವಿಡುವ ಬೆಳ್ಳಿ ಕರಡಿಗೆ ಕೂಡದು, ವಿಭೂತಿ ಪುಡಿಯೂ ಕೂಡದು.

“ಕಲ್ಲು ಅಂತ ಬರದ್ರ ನೂರೆಂಟು ಕೇಳ್ತರ ಕಣಕ್ಕ. ಆಟದ್ ಸಾಮಾನು ಅಂತ ಬರದ್ಬುಡ್ತೀನಿ.”

“ನೀನು ಬೆಳಗ್ಗ ಎದ್ದು ಕೈ ಮುಗಿಯದು ಆಟದ್ ಸಾಮಾನ್ಗಾ?” ಎಂದು ಕೇಳಿ ಪೊಟ್ಟಣ ಎತ್ತಿಕೊಂಡು ಬಂದೆ.

ಯಜಮಾನರು ನಕ್ಕರು. “ಅಂಚೇಲಿ ಆಕುದ್ರ ಕೂಸಿನ್ ಮದ್ವ ವತ್ಗ ಸೇರ್ತದ ಬುಡು.”

“ಸುಳ್ಳು ಬರ್ಸಿ ಬಿರ್ನ ಓಗದ್ಕಿಂತ ನಿಜ ಬರ್ಸಿ ನಿಧಾನ್ಕೇ ಓಗ್ಲಿ,” ಅಂದೆ.

ಕರಡಿಗೆ ಮನೆಯಲ್ಲೇ ಉಳಿಯಿತು. ನಮ್ಮಜ್ಜಿ ಕೊನೆಯವರೆಗೂ ಲಿಂಗವನ್ನು ಬಟ್ಟೆಯಲ್ಲೇ ಸುತ್ತಿ ಕೊರಳಿಗೆ ಕಟ್ಟಿಕೊಂಡಿದ್ದಳು. ಅವಳಿಗೆ ಸಾಕಾದದ್ದು ಈ ಕೂಸಿಗೂ ಸಾಕು ಎಂದುಕೊಂಡು ಬಿಳಿ ವಸ್ತ್ರದಲ್ಲಿ ಸುತ್ತಿ, ಶಿವದಾರ ಇಟ್ಟೆ. ಪುಡಿಯ ಬದಲು ವಿಭೂತಿ ಗಟ್ಟಿ ಇಟ್ಟೆ.

ತಾಳವಾಡಿ ಅಂಚೆ ಕಚೇರಿಯ ಹುಡುಗಿ ಕಣ್ಣರಳಿಸಿದಳು. “ಕಲ್ಲಾ ಅಕ್ಕಾ? ಯಾಕೆ, ಆ ಊರಲ್ಲಿ ಕಲ್ಲು ಸಿಗಲ್ವಾ?”

“ಸಿಗ್ತದ. ಅದ್ಕ ನಮ್ ಗುರುಗಳು ಪೂಜ ಮಾಡಿಲ್ವಲ್ಲವ್ವ.”

ಅವಳು ನಗುತ್ತಲೇ ಫಾರಂನಲ್ಲಿ ಪೂಜೆಯ ಕಲ್ಲು, ಪೂಜೆಯ ಬೂದಿ ಎಂದು ಇಂಗ್ಲಿಷಿನಲ್ಲಿ ಬರೆದಳು. ನಾನು ಹೇಳದೆಯೇ, ಪೊಟ್ಟಣವನ್ನು ನೆಲದ ಚೀಲಕ್ಕೆ ಹಾಕದೆ ಮೇಜಿನ ಮೇಲೆ ಎತ್ತಿಟ್ಟಳು. ಅದೂ ಶಿವನ ದಯೆಯೇ.

ಒಮ್ಮೆ ಬಡಿದು ನಿಂತ ಫೋನು ಮತ್ತೆ ಬಡಿದುಕೊಂಡಿತು. ಎತ್ತಿದೆ.

“ಅತ್ಗೆ, ಬಂತು ಕಣತ್ಗೆ! ಬಾಗ್ಲಿಗೇ ತಂದ್ಕೊಟ್ರು. ವಿಭೂತಿ ಗಟ್ಟಿ ಒಂಚೂರು ಮುಕ್ಕಾಗ್ಯದ, ಅಷ್ಟೇಯ.”

“ಕೆಳಗ ಇಟ್ಬುಟ್ಟಿದ್ದಿಯೇನವ್ವ?”

“ಇಲ್ಲ ಅತ್ಗೆ, ಎದಗೇ ಇಡ್ಕಂಡಿವ್ನಿ.”

ಅಂಗಳದಲ್ಲಿದ್ದ ಯಜಮಾನರಿಗೆ ಕೇಳುವಂತೆ ಕೂಗಿದೆ: “ಕೂಸಿನ್ ಮದ್ವ ನಾಳಕೇ ಅಂತ ಕಾಣ್ತದ ಕಣಿ, ಅಂಚ ಸೇರ್ಕತ್ತಂತ!”

ಹೆಗಲ ಟವೆಲು ಕೊಡವಿದರು. “ಶಿವ್ನೇ ನಿನ್ ಕಡ ನಿಂತ್ಕಂಡ್ರ ನಾನೇನ್ ಮಾಡನಮ್ಮಿ?”

ದೇವರ ಗೂಡಿಗೆ ಕೈ ಮುಗಿದು, ಕೇರಿದ ರಾಗಿಯನ್ನು ಡಬ್ಬಕ್ಕೆ ತುಂಬಿ, ಮುದ್ದೆಗೆ ಎಸರಿಟ್ಟೆ.