ಬಿಸಿಲಿಗೆ ಹಿಡಿದರೆ ಕಾಣುವ ಕುರಿ

ಗೀತಮ್ಮನಿಗೆ ಬರೆಯಲು ಬರುತ್ತಿದ್ದುದು ತನ್ನ ಹೆಸರು, ಮತ್ತೆ ನೂರರ ತನಕ ಅಂಕಿ. ಹೆಸರಿನಲ್ಲೂ ಕೊನೆಯ ಒತ್ತು ಬರೆಯುವಾಗ ಉಸಿರು ಬಿಗಿಹಿಡಿಯುತ್ತಿದ್ದಳು. ಆದರೆ ಚೌಕಳಿ ಹಾಳೆಯ ಮೇಲೆ ಮನೆ ಎಣಿಸುವುದರಲ್ಲಿ ಮೊಳಕಾಲ್ಮೂರಿನ ಆ ನೇಕಾರರ ಓಣಿಯಲ್ಲಿ ಅವಳನ್ನು ಹಿಂದೆ ಹಾಕಿದವರಿಲ್ಲ. ಒಂದು ಮನೆಗೆ ಒಂದು ಎಳೆ. ಗಿಣಿಯ ಕೊಕ್ಕಿಗೆ ಏಳು ಮನೆ, ಕಣ್ಣಿಗೆ ಒಂದೇ ಒಂದು, ಅದನ್ನೂ ಖಾಲಿ ಬಿಡಬೇಕು. ಅವಳ ಹಾಳೆ ನೋಡಿ ರಟ್ಟಿನ ಅಟ್ಟೆಗೆ ತೂತು ಹೊಡೆದು ಮಗ್ಗಕ್ಕೆ ಏರಿಸಿದರೆ ಸೀರೆಯಲ್ಲಿ ಒಂದು ಎಳೆಯೂ ಅತ್ತಿತ್ತ ಆಗುತ್ತಿರಲಿಲ್ಲ.

ಈ ವಿದ್ಯೆ ಕಲಿಸಿದವನು ಗಂಡ ಹುಲಿಯಪ್ಪ, ಇನ್ನೊಬ್ಬರ ಮಗ್ಗದಲ್ಲಿ ಕೂಲಿಗೆ ಕೂತವನು. ಅಲ್ಲಿ ಸೀರೆಯನ್ನು ಮುಖ ಕೆಳಗೆ ಮಾಡಿ ನೇಯುತ್ತಿದ್ದರು. ನೇಯುವವನ ಕಣ್ಣಿಗೆ ಬೀಳುವುದು ಸೀರೆಯ ಬೆನ್ನು. ಆದ್ದರಿಂದ ಹಾಳೆಯೂ ಹಾಗೇ ಆಗಬೇಕು. ಎಣ್ಣೆಕಾಗದದ ಮೇಲ್ಗಡೆ ಸೀಸದಕಡ್ಡಿಯಲ್ಲಿ ಚಿತ್ರ ಬರೆದು, ಆಮೇಲೆ ಕಾಗದ ಮಗುಚಿ, ಹಿಂದಿನಿಂದ ಕಾಣುವ ಗೆರೆಯ ಮೇಲೆ ಮಸಿ ಹಾಕಬೇಕು. ಮೊದಲ ದಿನವೇ ಹುಲಿಯಪ್ಪ ಹೇಳಿದ್ದ: "ಚಿತ್ರ ನೀನು ನೋಡೋಕಲ್ಲ ಕಣೇ, ಉಡೋಳು ನೋಡೋಕೆ. ಮಸಿ ಯಾವತ್ತೂ ಬೆನ್ನಿಗೆ."

ಹುಲಿಯಪ್ಪ ಸತ್ತ ಮೇಲೂ ಇಪ್ಪತ್ತೆರಡು ವರ್ಷ ಅವಳು ಬೆನ್ನಿಗೇ ಮಸಿ ಹಾಕಿದಳು. ತೊಂಬತ್ತೇಳನೇ ಇಸವಿಯಲ್ಲಿ ರಾಜ್ಯದ ಗಡಿಯಾಚೆಯಿಂದ ಕಂಪ್ಯೂಟರಿನಲ್ಲಿ ತೆಗೆದ ಹಾಳೆಗಳು ಬರತೊಡಗಿದವು. ಮಗ್ಗದ ಯಜಮಾನ ಒಂದು ಬೆಳಿಗ್ಗೆ ಅವಳ ಮುಂದೆ ರಾಟೆ ತಂದಿಟ್ಟ. ಅಂದಿನಿಂದ ಗೀತಮ್ಮ ಲಾಳಿಯೊಳಗೆ ಇಡುವ ಕಂಡಿಕೆಗೆ ನೂಲು ಸುತ್ತುವವಳಾದಳು. ಆ ಕೆಲಸವನ್ನು ಕಣ್ಣು ಮುಚ್ಚಿಕೊಂಡು ಮಾಡಬಹುದು. ಅದೇ ಅವಳಿಗೆ ತಡೆಯಲಾಗದೆ ಹೋದದ್ದು.

ಗೋವರ್ಧನ ಬಂದದ್ದು ಅದಾದ ಎರಡನೆಯ ವರ್ಷ. ಕುರಿ ಕಾಯುವ ಮನೆತನದ ಹುಡುಗ, ಮೂವತ್ತು ದಾಟಿದ್ದ. ಚಳ್ಳಕೆರೆಯಲ್ಲಿ ಎಣ್ಣೆ ಮಿಲ್ಲಿನ ಹಿಂದೆ ರೇಡಿಯೋ, ಟೇಪು ರಿಪೇರಿ ಅಂಗಡಿ ಇಟ್ಟಿದ್ದ. ಅಂಗೈಯಗಲದ ಒಂದು ಪ್ಲಾಸ್ಟಿಕ್ ಡಬ್ಬಿ ತಂದು ಅವಳ ರಾಟೆಯ ಪಕ್ಕ ಇಟ್ಟ. ಗುಂಡಿ ಒತ್ತಿದರೆ ಗಾಜಿನೊಳಗೆ ಕಪ್ಪು ಕಾರು ಪಕ್ಕಕ್ಕೆ ಸರಿಯುತ್ತಿತ್ತು.

"ಇದು ವಿಡಿಯೋ ಗೇಮು ಅವ್ವಾ. ನಾನೇ ಜೋಡಿಸಿದ್ದು. ಗಾಜು ಮಾತ್ರ ಬೆಂಗಳೂರಿಂದ ತಂದ ಹಳೇ ಮಾಲು. ನೂರು ಮಾಡಿದ್ದೆ, ಅರ್ಧಕ್ಕರ್ಧ ವಾಪಸ್ ಬಂದ್ವು. ಮುಂದಿನದನ್ನ ಸುಧಾರಿಸಿ ಮಾಡ್ಬೇಕು. ಗಾಜಿನ ಚಿತ್ರಾನೂ ನಮ್ದೇ ಆಗ್ಬೇಕು. ನೀವು ಕೂದಲೆಳೆ ತಪ್ಪದಂಗೆ ಬರೀತೀರಂತೆ."

"ಬರೆಯೋದು ಆಮೇಲೆ," ಅಂದಳು ಗೀತಮ್ಮ. "ಮೊದಲು ಇದು ಯಾಕೆ ವಾಪಸ್ ಬಂತು ನೋಡ್ಬೇಕು. ಎಂಟು ದಿನ ಇದನ್ನ ಇಲ್ಲೇ ಬಿಟ್ಟು ಹೋಗಪ್ಪ."

ಎಂಟು ದಿನ ಕಳೆದು ಅವನು ಬಂದಾಗ ಪಕ್ಕದ ಮಗ್ಗದ ಸುಲೋಚನಮ್ಮ ಕಾಲು ಇಳಿಬಿಡುವ ಕುಣಿಯೊಳಗಿಂದಲೇ ಕೂಗಿದಳು: "ಬಾರಪ್ಪ ಬಾ. ಗೀತಕ್ಕ ನಿನ್ ಡಬ್ಬೀನ ಮದುವೆ ಗಂಡು ನೋಡ್ದಂಗೆ ನೋಡವ್ಳೆ. ಕುಲಗೋತ್ರ ಕೇಳೋದೊಂದೇ ಬಾಕಿ."

"ಆಟ ಹೆಂಗೈತೆ ಅವ್ವಾ?"

"ಆಟ ನನಗೆ ತಿಳೀಲಿಲ್ಲ. ಡಬ್ಬಿ ಸರಿ ಇಲ್ಲ," ಅಂದಳು. "ಎಡಗಡೆ ಗುಂಡಿ ಮುನ್ನೂರ ಹನ್ನೆರಡನೇ ಸಲಕ್ಕೆ ಒಳಗೇ ಉಳ್ಕೊಂತು. ಬಲಗಡೇದು ನಾನೂರ ನಲವತ್ತಕ್ಕೆ."

"ಎಣಿಸಿದ್ರಾ?"

"ನೂರಕ್ಕೊಂದು ಹುಣಸೆಬೀಜ ಇಟ್ಕೊಂಡು ಎಣಿಸ್ದೆ. ಬ್ಯಾಟ್ರಿ ಮುಚ್ಚಳ ಬಿಚ್ಚಿದ್ರೆ ಕೈಗೇ ಬರ್ತೈತೆ, ಮಗ್ಗದ ಕುಣೀಲಿ ಬಿದ್ರೆ ಸಿಗಲ್ಲ. ಅದಕ್ಕೊಂದು ದಾರ ಕಟ್ಟು. ಸದ್ದು ನಿಲ್ಸೋಕೆ ದಾರಿನೇ ಇಲ್ಲ. ಮನೇಲಿ ಕೂಸು ಮಲಗಿದ್ರೆ ಯಾರು ಆಡ್ತಾರೆ? ಇನ್ನ, ಬೀದಿಗೆ ತಂದ್ರೆ ಗಾಜು ಫಳಫಳ ಹೊಳ್ದು ಏನೂ ಕಾಣಲ್ಲ. ನಮ್ಮೂರಲ್ಲಿ ಬಿಸಿಲು ಬಿಟ್ಟು ಇನ್ನೇನೈತೆ?"

ಗೋವರ್ಧನ ನಗಲಿಲ್ಲ. ಜೇಬಿನಿಂದ ಚೀಟಿ ತೆಗೆದು ಬರೆದುಕೊಂಡ. ಗೀತಮ್ಮನೂ ಬರೆದಿಟ್ಟಿದ್ದಳು, ಹಳೆಯ ಕ್ಯಾಲೆಂಡರಿನ ಬೆನ್ನಿಗೆ. ಗುಂಡಿಯ ಚಿತ್ರ, ಮುಚ್ಚಳದ ಚಿತ್ರ, ಸೂರ್ಯ. ಅಕ್ಷರ ಮಾತ್ರ ಇರಲಿಲ್ಲ.

ಬಿಸಿಲಿನ ಮಾತು ಪರೀಕ್ಷಿಸಲು ಅವನು ಡಬ್ಬಿಯನ್ನು ಕೊಂಡ್ಲಹಳ್ಳಿ ಕಡೆ ಕುರಿ ಮೇಯಿಸುವ ಸೋದರಮಾವ ಜಂಪಣ್ಣನಿಗೆ ಕೊಟ್ಟ. ಜಂಪಣ್ಣ ಕಂಬಳಿ ತಲೆಯ ಮೇಲೆ ಎಳೆದುಕೊಂಡು, ಆ ನೆರಳಲ್ಲಿ ಒಂದು ಗಳಿಗೆ ಆಡಿ, ಹೊರಗೆ ಬಂದು ಹೇಳಿದನಂತೆ: "ಲೇ, ಇದರ ಕಾರು ಯಾವನಿಗೆ ಬೇಕಲೇ? ಒಳಗೆ ಕುರಿ ಬಿಡು. ತೋಳ ಬಿಡು. ನಾನು ಆಡೋವಷ್ಟೊತ್ತಿಗೆ ನನ್ನ ಕುರಿ ಎರಡು ಹೊಲ ದಾಟಿದ್ವು, ಅವನ್ನ ತಿರುಗಿಸೋ ಆಟ ಮಾಡು."

ಅಲ್ಲಿಗೆ ಎರಡನೆಯ ಆಟ ಗಟ್ಟಿಯಾಯಿತು. ಎಡಗಡೆಯ ಬಯಲಿನಿಂದ ಕುರಿಗಳು ಒಂದೊಂದಾಗಿ ಬಲಗಡೆಯ ಹಟ್ಟಿಗೆ ಹೋಗಬೇಕು. ನಡುವೆ ಕುರಿಗಾಹಿ. ಮೇಲಿನಿಂದ ತೋಳ. ಗುಂಡಿಗೆ ದಪ್ಪ ರಬ್ಬರು, ಮುಚ್ಚಳಕ್ಕೆ ದಾರ, ಸದ್ದಿಗೆ ಒಂದು ಕೀಲಿ, ಗಾಜಿನ ಮೇಲೆ ಮನೆಯ ಸೂರಿನ ಹಾಗೆ ಒಂದು ಚಾಚು.

ಗಾಜಿನ ಗುಟ್ಟನ್ನು ಗೋವರ್ಧನ ಅವಳಿಗೆ ಬಿಡಿಸಿ ಹೇಳಿದ. ಅದರೊಳಗೆ ಯಾವ ಕುರಿಯೂ ನಡೆಯುವುದಿಲ್ಲ. ಕುರಿ ನಿಲ್ಲುವ ಜಾಗಕ್ಕೆಲ್ಲ ಮೊದಲೇ ಒಂದೊಂದು ಕುರಿ ಬರೆದಿರುತ್ತದೆ. ಕರೆಂಟು ಹೋದದ್ದು ಮಾತ್ರ ಕಪ್ಪಗಾಗಿ ಕಾಣುತ್ತದೆ.

"ಮಗ್ಗದಂಗೇ ಐತಲ್ಲಪ್ಪ," ಅಂದಳು ಗೀತಮ್ಮ. "ಎಳೆ ಎಲ್ಲಾ ಅಲ್ಲೇ ಇರ್ತವೆ. ಬೇಕಾದ್ದು ಮಾತ್ರ ಏಳ್ತೈತೆ."

"ಅಷ್ಟೇ ಅವ್ವಾ. ಆದ್ರೆ ಒಂದು ಮಾತು. ಒಂದ್ಸಲ ಗಾಜಿಗಿಳಿದ್ರೆ ಅಳಿಸೋಕಾಗಲ್ಲ. ಬೆಂಗಳೂರಿನ ಕಾರ್ಖಾನೆಯೋರು ಮುನ್ನೂರು ಗಾಜಿಗಿಂತ ಕಮ್ಮಿ ಮಾಡಲ್ಲ. ಇದು ಮಾರುಕಟ್ಟೇಲಿ ನಿಂತ್ರೆ ಮೂರನೇದು, ನಾಲ್ಕನೇದು. ಚಿತ್ರವೆಲ್ಲ ನಿಮ್ದೇ, ನೀವು ರಾಟೆ ಮುಟ್ಟೋದು ಬ್ಯಾಡ. ನಿಲ್ಲಲಿಲ್ಲ ಅಂದ್ರೆ ಅಂಗಡಿ ಬಾಗಿಲು ಹಾಕಿ ಬಳ್ಳಾರೀಲಿ ಯಾರ ಕೈಕೆಳಗಾದ್ರೂ ಸೇರ್ಬೇಕು ನಾನು."

ರಾಟೆ ಮುಟ್ಟುವುದು ಬೇಡ ಎಂದ ಮಾತು ಗೀತಮ್ಮನ ಎದೆಯಲ್ಲಿ ಕೂತುಬಿಟ್ಟಿತು. ಹಗಲು ಕಂಡಿಕೆ ಸುತ್ತಿ, ಸಂಜೆ ಬೆಳಕಿರುವಷ್ಟು ಹೊತ್ತು ಹೊಸ್ತಿಲ ಮೇಲೆ ಕೂತು ಬರೆದಳು. ನಲವತ್ತಾರು ಚಿತ್ರ. ಒಂದಕ್ಕೊಂದು ತಾಕಬಾರದು, ತಾಕಿದರೆ ಎರಡೂ ಒಟ್ಟಿಗೆ ಕಾಣುತ್ತವೆ. ಕುರಿಗೆ ನಾಲ್ಕು ಕಾಲು ಬರೆದರೆ ಜಾಗ ಸಾಲದು, ಎರಡು ಬರೆದರೆ ಕೋಳಿಯಾಗುತ್ತದೆ. ಮೂರು ಬರೆದು, ನಾಲ್ಕನೆಯದು ಮುಂದಿನದರ ಹಿಂದೆ ಅಡಗಿದೆ ಎನ್ನುವಂತೆ ಮಾಡಿದಳು. ಕೆಳಗೆ ಸಾಲಾಗಿ, ಗಾಜಿಗೆ ಕರೆಂಟು ತರುವ ತಂತಿಯ ಕಾಲುಗಳ ಗೆರೆಗಳನ್ನು ಗೋವರ್ಧನ ತಾನೇ ಸೀಸದಕಡ್ಡಿಯಲ್ಲಿ ಎಳೆದುಕೊಟ್ಟ. ಎಲ್ಲ ಮುಗಿದ ಮೇಲೆ ಗೀತಮ್ಮ, ಮೂವತ್ತು ವರ್ಷ ಮಾಡಿದ ಹಾಗೇ, ಎಣ್ಣೆಕಾಗದ ಮಗುಚಿ ಬೆನ್ನಿಗೆ ಮಸಿ ಹಾಕಿದಳು. ಯಾಕೆ ಎಂದು ಅವಳು ಯೋಚಿಸಲಿಲ್ಲ. ಸುರುಳಿ ಸುತ್ತಿ, ರೇಷ್ಮೆದಾರದಲ್ಲಿ ಕಟ್ಟಿ, ಚಳ್ಳಕೆರೆ ಬಸ್ಸಿಗೆ ಕೊಟ್ಟಳು.

ಒಂದೂವರೆ ತಿಂಗಳಿಗೆ ಕಾರ್ಖಾನೆಯಿಂದ ಅವಳ ಹಾಳೆಯ ಜೊತೆಗೆ ಫಿಲ್ಮು ಬಂತು. ಗಾಜಿಗೆ ಇಳಿಸುವ ಮೊದಲು ನೋಡಿ, ಸರಿ ಇದೆಯೆಂದು ಸಹಿ ಮಾಡಿ ಕಳಿಸಬೇಕಾದ ತೆಳ್ಳನೆಯ ಹಾಳೆ. ಎರಡು ಕಡೆಯಿಂದಲೂ ಬೆಳಕು ದಾಟುತ್ತದೆ. ಗೋವರ್ಧನ ಡಬ್ಬಿಯ ಅಚ್ಚಿನ ಕೆಲಸದಲ್ಲಿ ಮುಳುಗಿದ್ದವನು, ಅದನ್ನು ಬಿಚ್ಚದೆ ಕಂಡಕ್ಟರ್ ಕೈಯಲ್ಲಿ ಮೊಳಕಾಲ್ಮೂರಿಗೆ ಕಳಿಸಿಕೊಟ್ಟ. ಗೀತಮ್ಮನಿಗಿಂತ ಚೆನ್ನಾಗಿ ನೋಡುವವರು ಯಾರಿದ್ದಾರೆ?

ಅವಳು ಮೂಲ ಹಾಳೆಯನ್ನು ಸೀಸದಕಡ್ಡಿಯ ಕಡೆ ಮೇಲಾಗಿಟ್ಟು, ಪಕ್ಕ ಫಿಲ್ಮು ಹಾಸಿದಳು. ಹಟ್ಟಿ ಎಡಕ್ಕೆ ಬಂದಿತ್ತು. ಮಗುಚಿ ಹಾಸಿದಳು. ಬಲಕ್ಕೆ ಬಂತು. ಹಾಳೆ ಮಗುಚುವುದು ಅವಳ ಕಸುಬಿನಲ್ಲಿ ತಪ್ಪಲ್ಲ, ದಿನದ ಅಭ್ಯಾಸ. ಆಮೇಲೆ ಎಣಿಕೆ. ನಲವತ್ತಾರೂ ಇದ್ದವು. ಆರನೆಯ ಕುರಿಗೂ ತೋಳದ ಬಾಲಕ್ಕೂ ನಡುವೆ ಎರಡು ಎಳೆ ಜಾಗ ಇತ್ತು. ಎರಡು ಸಂಜೆ ಒಂದೊಂದು ಅಂಚಿನ ಮೇಲೂ ಸೂಜಿಯ ಮೊನೆ ಓಡಿಸಿದಳು. ಮೂಲೆಯಲ್ಲಿ ಒಂದು ಸಾಲು ಇಂಗ್ಲಿಷ್ ಅಕ್ಷರವಿತ್ತು. ಓದು ಬಂದವರು ಯಾರು ನೋಡಿದ್ದರೂ ಅದು ತಿರುಗುಮುರುಗಾಗಿದೆ ಎಂದು ಹೇಳುತ್ತಿದ್ದರು. ಅವಳು ಕಂಪನಿಯ ಮುದ್ರೆ ಎಂದುಕೊಂಡಳು.

"ಸರಿ ಐತೆ ಏನಕ್ಕ?" ಸುಲೋಚನಮ್ಮ ಕೇಳಿದಳು.

"ಒಂದು ಎಳೆ ಆಚೀಚೆ ಇಲ್ಲ."

ಉಸಿರು ಬಿಗಿಹಿಡಿದು ಹೆಸರು ಬರೆದಳು. ದಾರ ಕಟ್ಟಿ ಕಂಡಕ್ಟರ್ ಕೈಗೆ ಕೊಟ್ಟಳು. ಕಾರ್ಖಾನೆಗೆ ಮುಟ್ಟಿಸಬೇಕಾದ ದಿನ ಹತ್ತಿರವಾಗಿತ್ತು. ಗೋವರ್ಧನ ಅವಳ ಗಂಟನ್ನು ಬಿಚ್ಚದೆ, ಅದರ ಮೇಲೊಂದು ಲಕೋಟೆ ಹಾಕಿ ಬೆಂಗಳೂರಿಗೆ ಕಳಿಸಿದ.

ಗಾಜು ಬಂದ ದಿನ ಗೀತಮ್ಮ, ಸುಲೋಚನಮ್ಮ ಇಬ್ಬರೂ ಮೊದಲ ಬಸ್ಸಿಗೆ ಚಳ್ಳಕೆರೆಗೆ ಹೋದರು. ಜಂಪಣ್ಣ ಆಗಲೇ ಅಂಗಡಿಯ ಮೆಟ್ಟಿಲ ಮೇಲಿದ್ದ. ಓಣಿಯೆಲ್ಲ ಶೇಂಗಾ ಎಣ್ಣೆಯ ಕಮಟು. ಹೊಸ ಡಬ್ಬಿ ನೋಡಲು ಚೆಂದವಿತ್ತು. ಸೂರಿನಂಥ ಚಾಚು ಇತ್ತು, ಮುಚ್ಚಳಕ್ಕೆ ಹಸಿರು ದಾರವಿತ್ತು. ಗೋವರ್ಧನ ಬ್ಯಾಟ್ರಿ ಹಾಕಿ ಗುಂಡಿ ಒತ್ತಿದ.

ಕುರಿ ಮೂಡಬೇಕಾದಲ್ಲಿ ತೋಳ ಮೂಡಿತು. ಕುರಿಗಾಹಿ ಕಾಣಬೇಕಾದಲ್ಲಿ ಹಟ್ಟಿಯ ಬಾಗಿಲು ಕಂಡಿತು. ಅಂಕಿಗಳ ಜಾಗದಲ್ಲಿ ಯಾವ ಲೆಕ್ಕಕ್ಕೂ ಸೇರದ ಗೆರೆಗಳು ಕುಣಿದವು.

"ತೋಳಕ್ಕೇ ಕುರಿ ಕಾಯೋಕೆ ಬಿಟ್ಟೀಯೇನಲೇ?" ಎಂದು ಜಂಪಣ್ಣ ನಕ್ಕ.

ಗೋವರ್ಧನ ಇನ್ನೊಂದು ಗಾಜು ಹಾಕಿದ. ಮತ್ತೊಂದು. ನಾಲ್ಕನೆಯದನ್ನು ಗೀತಮ್ಮ ಅವನ ಕೈಯಿಂದ ತೆಗೆದುಕೊಂಡು ಬೆಳಕಿಗೆ ವಾರೆಯಾಗಿ ಹಿಡಿದಳು. ಹಾಗೆ ಹಿಡಿದರೆ ಒಳಗಿನ ಗೆರೆಗಳು ಸಣ್ಣಗೆ ಕಾಣುತ್ತವೆ. ಹಟ್ಟಿ ಎಡಗಡೆ ಇತ್ತು. ತಂತಿಯ ಕಾಲುಗಳ ಸಾಲೂ ಕೊನೆಯದು ಮೊದಲಾಗಿ ನಿಂತಿತ್ತು.

"ಬೆನ್ನಿಗೆ ಹಾಕ್ಬಿಟ್ಟೆ," ಅಂದಳು. ಯಾರಿಗೂ ಅರ್ಥವಾಗಲಿಲ್ಲ. "ಮಸಿ. ಬೆನ್ನಿಗೆ ಹಾಕ್ಬಿಟ್ಟೆ ಕಣಪ್ಪ. ಅವರು ಮಸಿ ಇದ್ದ ಕಡೇನೇ ಮುಖ ಅಂತ ತಗಂಡವ್ರೆ."

ಸುಲೋಚನಮ್ಮ ನೇಕಾರಳು, ಮೊದಲು ತಿಳಿದದ್ದು ಅವಳಿಗೆ. "ಅದಕ್ಕೇನು? ಗಾಜು ಮಗುಚಿ ಹಾಕಿದ್ರಾಯ್ತು," ಅಂದಳು.

ಗೋವರ್ಧನ ಮಗುಚಿ ಹಾಕಿದ. ಕಾಲುಗಳು ತಮ್ಮ ತಮ್ಮ ಜಾಗಕ್ಕೆ ಕೂತವು. ಆದರೆ ಗಾಜಿನ ಬೆನ್ನಿಗೆ ಅಂಟಿಸಿದ್ದ, ಕನ್ನಡಿಯಂಥ ಬೆಳ್ಳಿಬಣ್ಣದ ಹಾಳೆ ಈಗ ಮೇಲೆ ಬಂದಿತ್ತು. ಅದರಲ್ಲಿ ಕಂಡದ್ದು ನಾಲ್ವರ ಮಬ್ಬು ಮುಖ.

ಕಾರ್ಖಾನೆಗೆ ಫೋನು ಮಾಡಿದ. ಗೀತಮ್ಮನ ಸಹಿ ಅವರ ಹತ್ತಿರ ಇತ್ತು, ತಪ್ಪು ತಮ್ಮದಲ್ಲ ಎಂದರು. ಮತ್ತೆ ಮಾಡಿಸುವ ಶಕ್ತಿ ಇವನಲ್ಲಿ ಇರಲಿಲ್ಲ. ಫೋನಿನ ಬೂತಿನಿಂದ ವಾಪಸ್ಸು ಬಂದವನು ಗಾಜುಗಳನ್ನು ಪೆಟ್ಟಿಗೆಗೆ ತುಂಬತೊಡಗಿದ.

"ನಾನು ಗಂಟು ಬಿಚ್ಚಿ ನೋಡ್ಬೇಕಿತ್ತು," ಅಂದ.

"ಬೈದ್ಬಿಡಪ್ಪ," ಅಂದಳು ಗೀತಮ್ಮ.

"ಏನಂತ ಬೈಲಿ ಅವ್ವಾ? ಬರೆದಿದ್ರಲ್ಲಿ ತಪ್ಪೇ ಇಲ್ವಲ್ಲ."

ಆ ಮುನ್ನೂರು ಗಾಜಿನಲ್ಲಿ ಇನ್ನೂರನ್ನು ಗೀತಮ್ಮ ಚೀಲದಲ್ಲಿ ಮನೆಗೆ ತಂದಳು. ಬೆಳ್ಳಿಯ ಹಾಳೆ ಕೆರೆದು ತೆಗೆದರೆ ಮಗುಚಿದ ಗಾಜಿನಲ್ಲೂ ಚಿತ್ರ ಕಾಣಬಹುದೆಂದು ಗೋವರ್ಧನ ಒಮ್ಮೆ ಬಾಯಿಜಾರಿ ಹೇಳಿದ್ದ. ಅದನ್ನೇ ಹಿಡಿದಳು. ಬೆಳ್ಳಿಯ ಕೆಳಗೆ ಬೂದುಬಣ್ಣದ ಇನ್ನೊಂದು ತೆಳುಪೊರೆ ಇತ್ತು. ಅದು ಕಿತ್ತುಬಂದರೆ ಗಾಜು ಬರಿಗಾಜು. ಬೆಳ್ಳಿ ಹೋಗಬೇಕು, ಪೊರೆ ಉಳಿಯಬೇಕು. ಸೂಜಿ, ಬ್ಲೇಡು, ಒದ್ದೆ ಬಟ್ಟೆ. ಒಂದಕ್ಕೆ ಒಂದು ಸಂಜೆ ಹಿಡಿಯುತ್ತಿತ್ತು.

"ಹೊಳೇಲಿ ಹುಣಸೆಹಣ್ಣು ತೊಳೆದಂಗಾತು ನಿನ್ ಕೆಲಸ," ಎನ್ನುತ್ತಲೇ ಸುಲೋಚನಮ್ಮ ಅವಳ ಪಾಲಿನ ಕಂಡಿಕೆಗಳನ್ನು ತಾನು ಸುತ್ತಿಕೊಟ್ಟಳು.

ಏಳು ತಿಂಗಳಲ್ಲಿ ಹನ್ನೊಂದು ಗಾಜು ಉಳಿದವು. ಮಿಕ್ಕವು ಪೊರೆ ಕಿತ್ತುಹೋದವು, ಇಲ್ಲವೇ ಒಡೆದವು. ಹನ್ನೊಂದನ್ನೂ ಬಟ್ಟೆಯಲ್ಲಿ ಸುತ್ತಿ ಚಳ್ಳಕೆರೆಗೆ ಒಯ್ದಾಗ ಗೋವರ್ಧನ ಅಂಗಡಿಯ ಬಾಗಿಲ ಹಲಗೆಗಳನ್ನು ಒಂದೊಂದಾಗಿ ಕೂರಿಸುತ್ತಿದ್ದ. ಅಂದೇ ಬಳ್ಳಾರಿಗೆ ಹೊರಟಿದ್ದ. ಆದರೂ ಕೂತು, ಒಂದು ಡಬ್ಬಿಯ ಬೆನ್ನು ಕತ್ತರಿಸಿ ಬೆಳಕು ಹಾಯುವಂತೆ ಮಾಡಿ, ಮಗುಚಿದ ಗಾಜು ಕೂರಿಸಿದ. ಮೊದಲು ಏನೂ ಕಾಣಲಿಲ್ಲ. ಬಾಗಿಲಿಗೆ ಬಂದು ಬಿಸಿಲಿಗೆ ಎದುರಾಗಿ ಎತ್ತಿ ಹಿಡಿದಾಗ, ಎಡಗಡೆಯ ಬಯಲಿನಿಂದ ಮೂರು ಕಾಲಿನ ಕುರಿಯೊಂದು ಹೊರಟು, ಒಂದೊಂದೇ ಹೆಜ್ಜೆ ಬಲಕ್ಕೆ ನಡೆದು, ಹಟ್ಟಿ ಸೇರಿತು.

ಇಬ್ಬರೂ ಕೈ ನೋಯುವವರೆಗೆ ನೋಡಿದರು.

"ನೆರಳಿಗೆ ತಂದ್ರೆ ಹೋಯ್ತು," ಅಂದ ಗೋವರ್ಧನ.

"ಹ್ಞೂಂ."

"ಇದನ್ನ ಯಾರೂ ತಗಳಲ್ಲ ಅವ್ವಾ."

"ಗೊತ್ತೈತಪ್ಪ."

ಡಬ್ಬಿಯನ್ನು ಅವಳ ಕೈಯಲ್ಲಿಟ್ಟು, ಅವಳ ಕಾಲು ಮುಟ್ಟಿ, ಕೊನೆಯ ಹಲಗೆ ಕೂರಿಸಿದ.

ಮರುವರ್ಷ ಚಳ್ಳಕೆರೆಯ ಬಸ್‌ಸ್ಟ್ಯಾಂಡಿನಲ್ಲೂ, ಮೊಳಕಾಲ್ಮೂರಿನ ಬಳೆ ಅಂಗಡಿಯಲ್ಲೂ, ಎಲ್ಲಿಂದಲೋ ಬಂದ ಆಟದ ಡಬ್ಬಿಗಳು ಮಾಲೆಮಾಲೆಯಾಗಿ ನೇತಾಡಿದವು. ಸುಲೋಚನಮ್ಮ ಮೊಮ್ಮಗಳಿಗೆಂದು ತಂದ ಒಂದನ್ನು ಗೀತಮ್ಮನ ರಾಟೆಯ ಪಕ್ಕ ಇಟ್ಟಳು. ಗೀತಮ್ಮ ಕಂಡಿಕೆ ನಿಲ್ಲಿಸಿ, ಹುಣಸೆಬೀಜ ಹುಡುಕಿ ತಂದು, ಎಣಿಸತೊಡಗಿದಳು. ಎಡಗಡೆಯ ಗುಂಡಿ ಇನ್ನೂರ ತೊಂಬತ್ತಕ್ಕೆ ಒಳಗೇ ಉಳಿಯಿತು. ಬ್ಯಾಟ್ರಿ ಮುಚ್ಚಳ ಕೈಗೇ ಬಂತು.

"ದಾರ ಕಟ್ಟಿಲ್ಲ," ಅಂದಳು.

"ಯಾರಿಗೆ ಹೇಳ್ತೀಯ?" ಅಂದಳು ಸುಲೋಚನಮ್ಮ.

ಗೀತಮ್ಮ ಮುಚ್ಚಳ ಎತ್ತಿಕೊಂಡಳು. ಆಮೇಲೆ ರಾಟೆಯಿಂದ ಒಂದು ಗೇಣು ನೂಲು ಹರಿದು, ಸೂಜಿ ಕಾಯಿಸಿ ತೂತು ಮಾಡಿ, ಆ ಒಂದು ಡಬ್ಬಿಗೆ ದಾರ ಕಟ್ಟಿಕೊಟ್ಟಳು. ಮತ್ತೆ ಕಂಡಿಕೆ ಕೈಗೆತ್ತಿಕೊಂಡಳು. ಅದಕ್ಕೆ ಕಣ್ಣು ಬೇಕಿರಲಿಲ್ಲ.